ಕ್ಯಾನ್ಸರ್ ಪತ್ತೆಗೆ 15 ನ್ಯಾನೋಮೀಟರ್ ಲೆಕ್ಕ! ಕಾರ್-ಟಿ ಕೋಶಗಳು ಶತ್ರುವನ್ನು ಗುರುತಿಸುವುದು ಹೇಗೆ?

ಮುಂಬೈ: ವಿಕ್ರೋಳಿಯಿಂದ ಜೋಗೇಶ್ವರಿ-ವಿಕ್ರೋಳಿ ಲಿಂಕ್ ರಸ್ತೆ ಹಿಡಿದರೆ ಪೊವಾಯಿಯ ಐಐಟಿ ಬಾಂಬೆ ಸಿಗುತ್ತದೆ. ದೇಶದ ಮೊದಲ ಸ್ವದೇಶಿ ಕಾರ್-ಟಿ ಚಿಕಿತ್ಸೆ 'ನೆಕ್ಸ್‌ಕಾರ್19' ರೂಪುಗೊಂಡಿದ್ದು ಇಲ್ಲಿಯೇ, ಪ್ರೊ. ರಾಹುಲ್ ಪುರ್ವಾರ್ ಅವರ ಪ್ರಯೋಗಾಲಯದಲ್ಲಿ. ಟಾಟಾ ಮೆಮೋರಿಯಲ್ ಸೆಂಟರ್ ವೈದ್ಯರೂ ಕೈಜೋಡಿಸಿದ್ದರು. 2023ರ ಅಕ್ಟೋಬರ್‌ನಲ್ಲಿ ಅನುಮತಿ ದೊರೆತಿದ್ದು, 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಲೋಕಾರ್ಪಣೆ ಮಾಡಿದ್ದರು.

ರೋಗಿಯ ರಕ್ತದಿಂದಲೇ ಟಿ-ಕೋಶಗಳನ್ನು ತೆಗೆದು, ಅವುಗಳಿಗೆ ಹೊಸ ಜೀನ್ ಸೇರಿಸಿ ಮತ್ತೆ ದೇಹಕ್ಕೆ ಬಿಡುವುದು ಈ ಚಿಕಿತ್ಸೆಯ ವಿಧಾನ. ರಕ್ತ ಕ್ಯಾನ್ಸರ್‌ಗೆ ತುತ್ತಾದ ಬಿ-ಕೋಶಗಳ ಮೈಮೇಲಿನ 'ಸಿಡಿ19' ಪ್ರೊಟೀನ್ ಕಂಡರೆ ಇವು ದಾಳಿ ಮಾಡುತ್ತವೆ. (ಆರೋಗ್ಯವಂತ ಬಿ-ಕೋಶಗಳಲ್ಲೂ ಅದೇ ಪ್ರೊಟೀನ್ ಇರುವುದರಿಂದ ಅವೂ ಬಲಿಯಾಗುತ್ತವೆ.)

ಹಾಗಾದರೆ ಕೋಶಕ್ಕೆ ಶತ್ರು ಸಿಕ್ಕಿದ್ದು ತಿಳಿಯುವುದು ಹೇಗೆ? ಬೀಗಕ್ಕೆ ಕೀಲಿಕೈ ಹೊಂದಿದಂತೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಆದರೆ ಹೊಂದಿಕೆಯಷ್ಟೇ ಸಾಲದು, ಅಣುಗಳ ಎತ್ತರವೂ ಮುಖ್ಯ.

ಟಿ-ಕೋಶದ ಗ್ರಾಹಕ ತನ್ನ ಗುರಿಯನ್ನು ಹಿಡಿದಾಗ ಎರಡು ಕೋಶಗಳ ನಡುವೆ ಉಳಿಯುವುದು ಸುಮಾರು 15 ನ್ಯಾನೋಮೀಟರ್ ಜಾಗ. ಕೂದಲೆಳೆಯ ದಪ್ಪದ ಸಾವಿರಾರು ಪಾಲುಗಳಲ್ಲಿ ಒಂದು ಪಾಲು! ಟಿ-ಕೋಶದ ಮೇಲೆ 'ಸಿಡಿ45' ಎಂಬ ಎತ್ತರದ ಪ್ರೊಟೀನ್ ಇದೆ. ಗ್ರಾಹಕದ ಸಂಕೇತವನ್ನು ಸದಾ ಅಳಿಸುತ್ತಿರುವುದೇ ಅದರ ಕೆಲಸ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಬೆನ್ನಿಗೆ ದೊಡ್ಡ ಬ್ಯಾಗ್ ಹಾಕಿಕೊಂಡವರನ್ನು ಒತ್ತಿ ಪಕ್ಕಕ್ಕೆ ತಳ್ಳುವಂತೆ, ಆ ಕಿರಿದಾದ ಜಾಗದಿಂದ ಸಿಡಿ45 ಹೊರಬೀಳುತ್ತದೆ. ಅಳಿಸುವವರೇ ಇಲ್ಲವೆಂದ ಮೇಲೆ ಸಂಕೇತ ಉಳಿದು, ಕೋಶ ಎಚ್ಚರಗೊಳ್ಳುತ್ತದೆ. ಆಕ್ಸ್‌ಫರ್ಡ್‌ನ ಸೈಮನ್ ಡೇವಿಸ್ ಮತ್ತು ಆಂಟನ್ ವಾನ್ ಡೆರ್ ಮರ್ವೆ 1996ರಲ್ಲಿ ಮುಂದಿಟ್ಟ ವಾದವಿದು.

ಇದನ್ನು ಪರೀಕ್ಷಿಸಿದ ರೀತಿಯೂ ಸ್ವಾರಸ್ಯಕರ. 2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗುರಿ ಅಣುವಿನ ಬುಡಕ್ಕೆ ಹೆಚ್ಚುವರಿ ತುಂಡು ಸೇರಿಸಿ ಉದ್ದ ಮಾಡಲಾಯಿತು. ಗ್ರಾಹಕ ಹಿಡಿಯುವ ತುದಿ ಮೊದಲಿನಂತೆಯೇ ಇತ್ತು. ಆದರೂ ಟಿ-ಕೋಶದ ಪ್ರತಿಕ್ರಿಯೆ ಬಹಳಷ್ಟು ಕುಸಿಯಿತು.

ರೋಗಿಗಳಿಗೆ ಇದರಿಂದೇನು? ಕೆಲವರಲ್ಲಿ ಕ್ಯಾನ್ಸರ್ ಕೋಶಗಳು ಸಿಡಿ19 ಅನ್ನೇ ಕಳಚಿಕೊಂಡು ಮತ್ತೆ ಮರಳುತ್ತವೆ. ಆಗ ವೈದ್ಯರ ಕಣ್ಣು ಬೀಳುವುದು 'ಸಿಡಿ22' ಮೇಲೆ. ಅದು ಏಳು ತುಂಡುಗಳ ಉದ್ದನೆಯ ಅಣು. ಅದರ ಮೇಲ್ಭಾಗವನ್ನು ಹಿಡಿಯುವಂತೆ ರೂಪಿಸಿದ ಕಾರ್‌ಗಿಂತ, ಕೋಶದ ಪೊರೆಗೆ ಹತ್ತಿರದ ಬುಡವನ್ನು ಹಿಡಿಯುವ ಕಾರ್ ಹೆಚ್ಚು ಪರಿಣಾಮಕಾರಿ ಎಂದು ಪ್ರಯೋಗಗಳಲ್ಲಿ ಕಂಡುಬಂದಿತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ರೋಗಿಗಳ ಮೇಲಿನ ಪ್ರಯೋಗಕ್ಕೆ ಬಳಸಿದ್ದು ಬುಡ ಹಿಡಿಯುವ ಈ ಕಾರ್ ಅನ್ನೇ.