ಚಿಟಿಕೆ ಖಾರ, ನಾಲ್ಕು ಸಾವಿರ ಆನೆ

ಜೋಳದ ರೊಟ್ಟಿಗೆ ಕೆಂಪು ಮೆಣಸಿನಕಾಯಿಯ ರಂಜಕ ಸವರಿ ಒಂದು ತುತ್ತು ಬಾಯಿಗಿಡಿ. ಚಟ್ನಿ ತಣ್ಣಗಿದೆ. ಬಾದಾಮಿ ಬಳಿಯ ಮಹಾಕೂಟದ ಪುಷ್ಕರಿಣಿಯಲ್ಲಿ ಮಿಂದು ಬಂದಿದ್ದರೆ ಮೈಯೂ ತಣ್ಣಗಿದೆ. ಆದರೂ ನಾಲಗೆ ಮಿದುಳಿಗೆ ಮುಟ್ಟಿಸುವ ಸುದ್ದಿ ಒಂದೇ: ಇಲ್ಲಿ 43 ಡಿಗ್ರಿ ಮೀರಿದ ಬಿಸಿ ತಗುಲಿದೆ! ಬಾದಾಮಿಯ ಕೆಂಪು ಬಂಡೆಗಳು ಕಾದು ಕೆಂಡವಾಗುವ ಬೇಸಿಗೆಯಲ್ಲೂ ನೆರಳಿನ ತಾಪಮಾನ ಅಷ್ಟಕ್ಕೆ ಏರುವುದು ಅಪರೂಪ. ರಂಜಕ ಅದನ್ನು ಒಂದು ತುತ್ತಿನಲ್ಲಿ ಸಾಧಿಸುತ್ತದೆ.

ಈ ಸುದ್ದಿ ಹುಟ್ಟಿಸುವುದು ನರಕೋಶದ ಪೊರೆಯಲ್ಲಿ ಕೂತಿರುವ ಒಂದು ಬಾಗಿಲು. ಹೆಸರು ಟಿಆರ್‌ಪಿವಿ1. ನಾಲ್ಕು ಪ್ರೋಟೀನ್ ತುಂಡುಗಳು ಸೇರಿ ಒಂದು ಬಾಗಿಲಾಗುತ್ತದೆ. ಮನುಷ್ಯರಲ್ಲಿ ಒಂದೊಂದು ತುಂಡಿಗೆ 839 ಅಮೈನೊ ಆಮ್ಲಗಳು, ಒಟ್ಟು 3,356. ಮೆಣಸಿನಕಾಯಿಯ ಖಾರದ ಸತ್ವವಾದ ಕ್ಯಾಪ್ಸೈಸಿನ್ ಮೊದಲು ಬೇರ್ಪಟ್ಟದ್ದು 1816ರಲ್ಲಿ, ಅದು ತೆರೆಯುವ ಬಾಗಿಲು ಸಿಕ್ಕಿದ್ದು 1997ರಲ್ಲಿ. ನಡುವೆ 181 ವರ್ಷ! ಹುಡುಕಿದವರು ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು. ಲಕ್ಷಲಕ್ಷ ಡಿಎನ್‌ಎ ತುಣುಕುಗಳನ್ನು ಜಾಲಾಡಿದಾಗ ಖಾರಕ್ಕೆ ಓಗೊಟ್ಟದ್ದು ಒಂದೇ ಒಂದು. ಆ ಒಂದಕ್ಕೆ 2021ರ ನೊಬೆಲ್ ಬಂತು. 2013ರಲ್ಲಿ ಬಾಗಿಲಿನ ಚಿತ್ರವೂ ಸಿಕ್ಕಿತು, 3.4 ಆಂಗ್‌ಸ್ಟ್ರಾಮ್‌ನಷ್ಟು ನವಿರಾಗಿ. ಒಂದು ತಲೆಗೂದಲಿನ ದಪ್ಪವನ್ನು ಎರಡು ಲಕ್ಷಕ್ಕೂ ಹೆಚ್ಚು ಪದರಗಳಾಗಿ ಸೀಳಿದರೆ ಒಂದು ಪದರ ಎಷ್ಟಿರುತ್ತದೋ ಅಷ್ಟು.

ಇಷ್ಟು ಚಿಕ್ಕ ಬಾಗಿಲಿನಲ್ಲಿ ಎಷ್ಟು ಜನಸಂದಣಿ ಅನ್ನುತ್ತೀರಿ? ತೆರೆದರೆ ಸಾಕು, ಸೆಕೆಂಡಿಗೆ ಕೋಟಿ ಅಯಾನುಗಳ ಲೆಕ್ಕದಲ್ಲಿ ಒಳನುಗ್ಗುತ್ತವೆ. 2011ರ ಜನಗಣತಿಯಲ್ಲಿ ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ ಸುಮಾರು 19 ಲಕ್ಷ. ಬಾದಾಮಿ, ಹುನಗುಂದ, ಇಳಕಲ್ಲು ಎಲ್ಲ ಸೇರಿದ ಇಡೀ ಜಿಲ್ಲೆಯಂಥ ಐದು ಜಿಲ್ಲೆಗಳ ಜನ ಒಂದೇ ಬಾಗಿಲಲ್ಲಿ, ಒಂದೇ ಸೆಕೆಂಡಿನಲ್ಲಿ ತೂರಿಹೋದಂತೆ!

ಇನ್ನೊಂದು ಸೋಜಿಗ ನೋಡಿ. ನುಗ್ಗಾಟ ಇಷ್ಟು ಬಿರುಸಾದರೂ ಉರಿಯ ಸುದ್ದಿ ಹೊರುವ ಸಣ್ಣ ನರತಂತುಗಳು ಮಹಾ ನಿಧಾನಿಗಳು. ಅವುಗಳ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮೀಟರ್. ಮಹಾಕೂಟದಿಂದ ಬಾದಾಮಿಗೆ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್. ಅಷ್ಟುದ್ದದ ನರವಿದ್ದಿದ್ದರೆ, ಬರಿಯ ಸ್ಪರ್ಶದ ಸುದ್ದಿ ನಾಲ್ಕು ನಿಮಿಷದಲ್ಲಿ ಬಾದಾಮಿ ಮುಟ್ಟುತ್ತಿತ್ತು. ಉರಿಯ ಸುದ್ದಿಗೆ ನಾಲ್ಕು ತಾಸು ಬೇಕು. ಜೊತೆಗೇ ಹೊರಟ ಕಾಲ್ನಡಿಗೆಯ ಯಾತ್ರಿಕ ಅದಕ್ಕಿಂತ ಒಂದು ತಾಸು ಮೊದಲೇ ಊರು ಸೇರಿರುತ್ತಾನೆ!

ವಯಸ್ಸಿನ ಲೆಕ್ಕವೂ ಬೆರಗಿನದೇ. ಚಾಲುಕ್ಯ ಮಂಗಲೇಶ ಮಹಾಕೂಟದಲ್ಲಿ ಶಾಸನಸ್ತಂಭ ನಿಲ್ಲಿಸಿದ್ದು ಕ್ರಿ.ಶ. 602ರ ಸುಮಾರಿಗೆ, ಈಗ ಅದು ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಅಮೆರಿಕ ಖಂಡಗಳ ನೆಲದಲ್ಲಿ ಇಂದಿಗೆ ಸುಮಾರು 6,000 ವರ್ಷಗಳ ಹಿಂದಿನಿಂದಲೇ ಬೆಳೆಯುತ್ತಿದ್ದ ಮೆಣಸಿನಕಾಯಿ ಪೋರ್ಚುಗೀಸರ ಹಡಗು ಹತ್ತಿ ನಮ್ಮ ಕರಾವಳಿಗೆ ಇಳಿಯುವಾಗ ಆ ಕಂಬಕ್ಕೆ 900 ವರ್ಷ ತುಂಬಿತ್ತು. ಅಂದರೆ ಸ್ತಂಭದಲ್ಲಿ ಹೆಸರಿರುವ ರಾಣಿ ದುರ್ಲಭದೇವಿ ಒಂದು ಮೆಣಸಿನಕಾಯಿಯನ್ನೂ ಕಂಡವಳಲ್ಲ. ಬಾಗಿಲು ಮಾತ್ರ ಅವಳ ನಾಲಗೆಯ ಮೇಲೂ ಇತ್ತು. ಗಿಳಿಯ ನಾಲಗೆಯ ಮೇಲೂ ಇದೆ, ಆದರೆ ಹಕ್ಕಿಗಳ ಬಾಗಿಲಿಗೆ ಕ್ಯಾಪ್ಸೈಸಿನ್ ಲೆಕ್ಕಕ್ಕೇ ಇಲ್ಲ.

ಈಗ ಒಂದು ಗ್ರಾಂ ಖಾರದಪುಡಿ ಅಂಗೈಯಲ್ಲಿ ಹಾಕಿಕೊಳ್ಳಿ. ಸಾವಿರಕ್ಕೆ ಒಂದು ಪಾಲು ಮಾತ್ರ ಕ್ಯಾಪ್ಸೈಸಿನ್ ಎಂದು ಹಿಡಿಯೋಣ, ಅಂದರೆ ಒಂದು ಮಿಲಿಗ್ರಾಂ. ಒಂದೊಂದು ಅಣುವಿನಲ್ಲಿ 49 ಪರಮಾಣುಗಳು. ಆ ಒಂದು ಮಿಲಿಗ್ರಾಮಿನ ಅಣುಗಳನ್ನು ಭೂಮಿಯ 800 ಕೋಟಿ ಜನರಿಗೆ ಸಮನಾಗಿ ಹಂಚಿದರೆ ತಲೆಗೆ 25 ಕೋಟಿ! ಎಲ್ಲರೂ ಊಟ ನಿದ್ದೆ ಬಿಟ್ಟು ಸೆಕೆಂಡಿಗೊಂದರಂತೆ ತಮ್ಮ ಪಾಲು ಎಣಿಸತೊಡಗಿದರೆ ಮುಗಿಸಲು ಸುಮಾರು 8 ವರ್ಷ ಬೇಕು. ಇಷ್ಟೆಲ್ಲ ನಾವು ಒಂದು ಸಾರಿಗೆ ಉದುರಿಸುವ ಪುಡಿಯಲ್ಲಿ.

ಖಾರ ಅಳೆಯುವ ಕೋಲು ತಂದವರು ವಿಲ್ಬರ್ ಸ್ಕೋವಿಲ್, 1912ರಲ್ಲಿ. ಸಕ್ಕರೆ ನೀರು ಬೆರೆಸುತ್ತ ಹೋಗುವುದು, ಖಾರ ಎಲ್ಲಿ ಮಾಯವಾಗುತ್ತದೋ ಅಲ್ಲಿ ನಿಲ್ಲಿಸುವುದು. ಎಷ್ಟು ಪಟ್ಟು ನೀರು ಹಿಡಿಯಿತೋ ಅಷ್ಟೇ ಅದರ ಅಂಕ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ನಮ್ಮ ಬ್ಯಾಡಗಿ ಈ ಪಂದ್ಯಕ್ಕಿಳಿಯುವುದಿಲ್ಲ. ಅದರ ಹೆಗ್ಗಳಿಕೆ ಬಣ್ಣ. ಈಶಾನ್ಯದ ಭೂತ್ ಜೊಲೋಕಿಯಾ 2007ರಲ್ಲಿ 10 ಲಕ್ಷ ದಾಟಿ ಗಿನ್ನೆಸ್ ದಾಖಲೆ ಸೇರಿತು. 2023ರಲ್ಲಿ ಅಮೆರಿಕದ ಪೆಪ್ಪರ್ ಎಕ್ಸ್ 26 ಲಕ್ಷ ಮೀರಿತು. ಶುದ್ಧ ಕ್ಯಾಪ್ಸೈಸಿನ್‌ಗೆ 1 ಕೋಟಿ 60 ಲಕ್ಷ! ಒಂದು ಗ್ರಾಮಿನ ಖಾರ ಅಳಿಸಲು 16 ಟನ್ ನೀರು, ಅಂದರೆ ತಲಾ 4 ಟನ್ ತೂಗುವ ನಾಲ್ಕು ಆನೆಗಳಷ್ಟು.

ಇಲ್ಲಿಗೇ ನಿಂತಿಲ್ಲ. ಮೊರಾಕ್ಕೊ ದೇಶದ ಒಂದು ಕಳ್ಳಿಯ ಹಾಲಿನಲ್ಲಿ ರೆಸಿನಿಫೆರಾಟಾಕ್ಸಿನ್ ಎಂಬ ವಸ್ತುವಿದೆ. ತೆರೆಯುವುದು ಇದೇ ಬಾಗಿಲನ್ನು. ಅಂಕ 1,600 ಕೋಟಿ! ಒಂದು ಗ್ರಾಮಿಗೆ 16,000 ಟನ್ ನೀರು, 4,000 ಆನೆಗಳ ತೂಕ. 2023ರ ಗಣತಿಯಂತೆ ಕರ್ನಾಟಕದ ಕಾಡುಗಳಲ್ಲಿರುವ ಆನೆಗಳೇ 6,395. ಇಂಥ ಬೆಂಕಿಯನ್ನು ನೋವು ಆರಿಸಲು ಬಳಸಿ ನೋಡುತ್ತಿದ್ದಾರೆ ಎಂದರೆ ನಂಬಬೇಕು. ಮಾರ್ಫಿನ್‌ಗೂ ಜಗ್ಗದ ಕ್ಯಾನ್ಸರ್ ನೋವಿಗೆ ಅಮೆರಿಕದಲ್ಲಿ ಇದನ್ನು ಮೈಕ್ರೋಗ್ರಾಂ ಲೆಕ್ಕದಲ್ಲಿ ಬೆನ್ನುಹುರಿಯ ದ್ರವಕ್ಕೆ ಚುಚ್ಚಿ ಪರೀಕ್ಷಿಸಿದ್ದಾರೆ. ಒಬ್ಬರಿಗೆ 10 ಮೈಕ್ರೋಗ್ರಾಂ ಎಂದರೂ ಒಂದು ಗ್ರಾಂ ಒಂದು ಲಕ್ಷ ರೋಗಿಗಳಿಗೆ ಸಾಕು. ತಿರುಗುಮುರುಗಾಗಿ, ಬಾಗಿಲನ್ನೇ ಮುಚ್ಚುವ ಒಂದು ಔಷಧ ಕೊಟ್ಟು ನೋಡಿದಾಗ ಕೆಲವರ ಮೈ ಕಾವು 40 ಡಿಗ್ರಿ ಮುಟ್ಟಿತು. ಪ್ರಯೋಗ ನಿಲ್ಲಿಸಬೇಕಾಯಿತು.

ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಎಂದು ನನಗನ್ನಿಸುವುದು ಮಾತ್ರ ಬೇರೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ. 2011ರ ಇಡೀ ಕರ್ನಾಟಕದ ಒಂದೂವರೆ ಪಟ್ಟಿಗೂ ಹೆಚ್ಚು! ಅವರಲ್ಲಿ ಎಷ್ಟೋ ಜನರಿಗೆ ರಾತ್ರಿಯೆಲ್ಲ ಅಂಗಾಲು ಉರಿ. ಶೇ 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಗೆ ಅಮೆರಿಕ 2009ರಲ್ಲಿ ಸರ್ಪಸುತ್ತಿನ ನಂತರದ ನೋವಿಗೂ, 2020ರಲ್ಲಿ ಸಕ್ಕರೆ ಕಾಯಿಲೆಯವರ ಪಾದದ ನರನೋವಿಗೂ ಒಪ್ಪಿಗೆ ಕೊಟ್ಟಿತು. ಪಾದಕ್ಕೆ ಅರ್ಧ ತಾಸು ಅಂಟಿಸಿದರೆ ಉಪಶಮನ ಮೂರು ತಿಂಗಳವರೆಗೂ ಇರಬಹುದು. ಅರ್ಧ ತಾಸಿನ ಉರಿಗೆ 4,000ಕ್ಕೂ ಹೆಚ್ಚು ಅರ್ಧ ತಾಸುಗಳ ನೆಮ್ಮದಿ.

ಇದನ್ನು ಓದಿ ಯಾರೂ ಮನೆಯ ಮೆಣಸಿನಕಾಯಿ ಅರೆದು ಕಾಲಿಗೆ ಹಚ್ಚಬೇಡಿ. ಆ ಪಟ್ಟಿಯನ್ನು ಆಸ್ಪತ್ರೆಯವರೇ ಕೈಗವಸು ತೊಟ್ಟು ಅಂಟಿಸುತ್ತಾರೆ. ಸಕ್ಕರೆ ಕಾಯಿಲೆಯವರ ಕಾಲಿಗಾದ ಗಾಯ ಬೇಗ ಮಾಯುವುದಿಲ್ಲ. ಅಂಗಾಲು ಉರಿಯುತ್ತಿದ್ದರೆ ವೈದ್ಯರಿಗೆ ಕಾಲು ತೋರಿಸಿ. ರಂಜಕ ರೊಟ್ಟಿಯ ಮೇಲಿರಲಿ.