ಸೊಪ್ಪಿನ ಬೆಳೆಗಳಲ್ಲಿ ವೈರಸ್ ಪತ್ತೆ: ಲೆಟ್ಯೂಸ್ ಮೊಸಾಯಿಕ್‌ನ ನಿದರ್ಶನ

ಸೊಪ್ಪಿನ ಬೆಳೆಗಳಲ್ಲಿ ಎಲೆಯೇ ಫಸಲು. ಆದುದರಿಂದ ಎಲೆಗೆ ತಗಲುವ ವೈರಸ್ ಇಳುವರಿಯನ್ನು ಕುಗ್ಗಿಸುವುದಲ್ಲದೆ ಉಳಿದುದನ್ನೂ ಮಾರಾಟಕ್ಕೆ ಅನರ್ಹಗೊಳಿಸುತ್ತದೆ. ಕನ್ನಡದ ಕೃಷಿ ಬರಹಗಳಲ್ಲಿ ರೂಢಿಯಲ್ಲಿರುವ ‘ನಂಜುರೋಗ’ ಎಂಬ ಪದ ರೋಗದ ವರ್ಗವನ್ನು ಸೂಚಿಸುತ್ತದೆಯೇ ಹೊರತು, ಅದಕ್ಕೆ ಕಾರಣವಾದ ವೈರಸ್ ಯಾವುದೆಂಬುದನ್ನಲ್ಲ. ನಿಯಂತ್ರಣೋಪಾಯವಾದರೋ ಈ ಎರಡನೆಯ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ.

ಲೆಟ್ಯೂಸ್ ಮೊಸಾಯಿಕ್ ರೋಗವು 1921ರಲ್ಲಿ ಅಮೆರಿಕದ ಫ್ಲಾರಿಡಾದಿಂದ ಮೊದಲಿಗೆ ವರದಿಯಾಯಿತು. ರೋಗ ತಗಲಿದ ಗಿಡದ ಎಲೆಗಳಲ್ಲಿ ತಿಳಿ ಮತ್ತು ಕಡು ಹಸಿರಿನ ಮಚ್ಚೆಗಳು ಮೂಡುತ್ತವೆ. ಗಿಡ ಕುಳ್ಳಾಗಿ, ಗಡ್ಡೆ ಸರಿಯಾಗಿ ಕಟ್ಟುವುದಿಲ್ಲ. ಸೌತೆ ಮೊಸಾಯಿಕ್ ವೈರಸ್ ಕೂಡ ಲೆಟ್ಯೂಸಿನಲ್ಲಿ ಇಂಥವೇ ಲಕ್ಷಣಗಳನ್ನು ತೋರುತ್ತದೆ. ಎರಡನ್ನೂ ಸಸ್ಯಹೇನುಗಳು ಹರಡುತ್ತವೆ. ಆದರೆ ಲೆಟ್ಯೂಸಿನಲ್ಲಿ ಮೊದಲನೆಯದು ಬೀಜದ ಮೂಲಕವೂ ಬರುತ್ತದೆ, ಎರಡನೆಯದು ಬರುವುದಿಲ್ಲ. ಒಂದಕ್ಕೆ ಬೀಜಪರೀಕ್ಷೆ ಮುಖ್ಯ; ಇನ್ನೊಂದಕ್ಕೆ ಸುತ್ತಲಿನ ಕಳೆಗಿಡಗಳ ನಿರ್ಮೂಲನ ಮುಖ್ಯ. ಸಸ್ಯಹೇನು ಕೆಲವೇ ಸೆಕೆಂಡುಗಳಲ್ಲಿ ವೈರಸ್ಸನ್ನು ಹೀರಿ ಬೇರೆ ಗಿಡಕ್ಕೆ ದಾಟಿಸಬಲ್ಲದಾದ್ದರಿಂದ, ಕೀಟನಾಶಕವೊಂದನ್ನೇ ನಂಬುವಂತಿಲ್ಲ.

ಗುರುತಿಸುವಿಕೆಯ ವಿಧಾನಗಳು ಒಂದೊಂದೂ ಒಂದೊಂದು ಬಗೆಯ ಸಾಕ್ಷ್ಯವನ್ನು ಕೊಡುತ್ತವೆ. ಎಲೆಯ ರಸವನ್ನು ಕಿನೋವ ಮೊದಲಾದ ಸೂಚಕ ಸಸ್ಯಗಳ ಎಲೆಗೆ ಉಜ್ಜಿದಾಗ ಮಚ್ಚೆಗಳು ಮೂಡಿದರೆ, ರಸದಲ್ಲಿ ಸೋಂಕುಶಕ್ತಿಯುಳ್ಳ ವೈರಸ್ ಇದೆಯೆಂದು ತಿಳಿಯುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಆಕಾರವನ್ನು ತೋರಿಸುತ್ತದೆ: ಲೆಟ್ಯೂಸ್ ಮೊಸಾಯಿಕ್ ವೈರಸ್ ಸುಮಾರು 750 ನ್ಯಾನೊಮೀಟರ್ ಉದ್ದದ ಬಾಗುವ ತಂತು; ಸೌತೆ ಮೊಸಾಯಿಕ್ ವೈರಸ್ ಸುಮಾರು 29 ನ್ಯಾನೊಮೀಟರ್ ವ್ಯಾಸದ ಗೋಳ. ಆದರೆ ಟರ್ನಿಪ್ ಮೊಸಾಯಿಕ್ ವೈರಸ್ಸೂ ತಂತುವಿನಂತೆಯೇ ಇರುವುದರಿಂದ ಆಕಾರವು ಗುಂಪನ್ನಷ್ಟೇ ಸೂಚಿಸುತ್ತದೆ.

1977ರಲ್ಲಿ ಸಸ್ಯವೈರಸ್‌ಗಳಿಗೆ ಅಳವಡಿಸಲಾದ ಎಲಿಸಾ ಪರೀಕ್ಷೆ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿತು. ತಟ್ಟೆಯ ಗುಳಿಗಳಿಗೆ ಲೇಪಿಸಿದ ಪ್ರತಿಕಾಯವು ರಸದಲ್ಲಿನ ವೈರಸ್ಸನ್ನು ಹಿಡಿದಿಡುತ್ತದೆ; ಅನಂತರ ಸೇರಿಸಿದ ಕಿಣ್ವಯುಕ್ತ ಪ್ರತಿಕಾಯ ಅದಕ್ಕೆ ಅಂಟಿ ಬಣ್ಣ ಮೂಡಿಸುತ್ತದೆ. ಆದರೆ ಇದು ಗುರುತಿಸುವುದು ವೈರಸ್ಸಿನ ಪ್ರೋಟೀನನ್ನು, ಅದರ ಸೋಂಕುಶಕ್ತಿಯನ್ನಲ್ಲ. ವೈರಸ್ಸಿನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಪರಿವರ್ತಿಸಿ ವರ್ಧಿಸುವ ಪಿಸಿಆರ್ ವಿಧಾನ ಇನ್ನೂ ಸೂಕ್ಷ್ಮವಾದುದು. ಆದರೆ ಅಲ್ಪ ಕಲ್ಮಶವೂ ಅದನ್ನು ದಾರಿ ತಪ್ಪಿಸಬಹುದು. ಆದುದರಿಂದ ಆರೋಗ್ಯವಂತ ಗಿಡದ ಮತ್ತು ಖಚಿತವಾಗಿ ರೋಗಗ್ರಸ್ತವಾದ ಗಿಡದ ಮಾದರಿಗಳನ್ನು ಜೊತೆಯಲ್ಲಿ ಪರೀಕ್ಷಿಸುವುದು ಅನಿವಾರ್ಯ.

ಈ ಪರೀಕ್ಷೆಗಳ ಫಲವನ್ನು ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯಲ್ಲಿ ಕಾಣಬಹುದು. ಅಲ್ಲಿ 30,000 ಬೀಜಗಳ ಮಾದರಿಯಲ್ಲಿ ಒಂದರಲ್ಲಿಯೂ ವೈರಸ್ ಇರಬಾರದೆಂಬ ಮಾನದಂಡವನ್ನು ಜಾರಿಗೆ ತರಲಾಯಿತು. ಇಂಥ ಮಾದರಿಯಲ್ಲಿ ಸೋಂಕು ಕಾಣದಿದ್ದರೆ, ಬೀಜರಾಶಿಯ ಸೋಂಕು 10,000ಕ್ಕೆ 1ಕ್ಕಿಂತ ಕಡಮೆಯೆಂದು ಶೇಕಡ 95ರಷ್ಟು ವಿಶ್ವಾಸದಿಂದ ಹೇಳಬಹುದು; ಸೋಂಕು ಇಲ್ಲವೇ ಇಲ್ಲವೆಂದು ಹೇಳಲಾಗದು. ಪರೀಕ್ಷೆಯ ಫಲಿತಾಂಶದೊಡನೆ ವಿಧಾನವನ್ನೂ ಮಾದರಿಯ ಗಾತ್ರವನ್ನೂ ನಮೂದಿಸಬೇಕಾದುದು ಈ ಕಾರಣದಿಂದಲೇ.