ತಾಳವಾಡಿ: ಘಟ್ಟದ ಮೇಲಿನ ಕನ್ನಡ ಸೀಮೆ

ತಮಿಳುನಾಡಿನ ಕನ್ನಡಿಗರೆಂದೊಡನೆ ಉದ್ಯೋಗಕ್ಕಾಗಿಯೋ ವ್ಯಾಪಾರಕ್ಕಾಗಿಯೋ ಚೆನ್ನೈ, ಕೊಯಮತ್ತೂರುಗಳಿಗೆ ಬಂದು ನೆಲೆಸಿದವರ ನೆನಪಾಗುವುದು ಸಹಜ. ಆದರೆ ಎಲ್ಲಿಗೂ ವಲಸೆ ಹೋಗದೆ, ಹಿರಿಯರ ಹೊಲಮನೆಗಳಲ್ಲಿಯೇ ಉಳಿದು ತಮಿಳುನಾಡಿನ ಪ್ರಜೆಗಳಾದ ಕನ್ನಡಿಗರೂ ಉಂಟು. ಈರೋಡು ಜಿಲ್ಲೆಯ ತಾಳವಾಡಿ ಅಂತಹವರ ಸೀಮೆ.

ಸತ್ಯಮಂಗಲದಿಂದ ಹೊರಟ ರಸ್ತೆಯು ದಿಂಬಂ ಘಟ್ಟದ 27 ಕಡಿದಾದ ತಿರುವುಗಳನ್ನು ಏರಿ ಹಾಸನೂರಿನ ಕಾಡನ್ನು ಹಾದು ಚಾಮರಾಜನಗರದತ್ತ ಸಾಗುತ್ತದೆ. ಈ ರಸ್ತೆಯ ಪಶ್ಚಿಮಕ್ಕಿರುವ ಪ್ರಸ್ಥಭೂಮಿಯಲ್ಲಿ ತಾಳವಾಡಿ ಇದೆ. ಭೂಲಕ್ಷಣದಲ್ಲಿ ಇದು ಮೈಸೂರು ಸೀಮೆಯ ಮುಂದುವರಿಕೆಯೇ ಸರಿ. ಇಲ್ಲಿನ ಹಳ್ಳಗಳಲ್ಲಿ ಹಲವು ಉತ್ತರಕ್ಕೆ ಹರಿಯುತ್ತವೆ. ರಾಗಿ, ಜೋಳ, ಬಾಳೆ, ಎಲೆಕೋಸು ಮುಖ್ಯ ಬೆಳೆಗಳು. ಬಯಲಿನ ಬೇಸಾಯಗಾರರೊಡನೆ ಕಾಡಂಚಿನಲ್ಲಿ ಸೋಲಿಗರೂ ಊರಾಳಿಗಳೂ ವಾಸಿಸುತ್ತಾರೆ. ದೀಪಾವಳಿಯ ಮರುದಿನಗಳಲ್ಲಿ ಗುಮಟಾಪುರದ ಜನರು ಸಗಣಿಯನ್ನು ಪರಸ್ಪರ ಎರಚಿಕೊಂಡು ಆಡುವ ಗೋರೆಹಬ್ಬ ಪ್ರಸಿದ್ಧವಾದುದು.

ಇತಿಹಾಸದಲ್ಲಿ ಈ ಘಟ್ಟಗಳು ಮೈಸೂರಿನ ಹೆಬ್ಬಾಗಿಲುಗಳಾಗಿದ್ದವು. 1790ರಲ್ಲಿ ಟಿಪ್ಪುವಿನ ಸೈನ್ಯವು ಗಜ್ಜಲಹಟ್ಟಿ ಕಣಿವೆಯಿಂದಿಳಿದು ಸತ್ಯಮಂಗಲದ ಬಳಿ ಇಂಗ್ಲಿಷರನ್ನು ಎದುರಿಸಿತು. 1799ರ ಬಳಿಕ ಈ ಪ್ರದೇಶವು ಕೊಯಮತ್ತೂರು ಜಿಲ್ಲೆಯ ಆಡಳಿತಕ್ಕೆ ಒಳಪಟ್ಟಿತು. 1956ರ ನವೆಂಬರ್ 1ರಂದು ಅದೇ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯವನ್ನು ಸೇರಿತು. ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. 1979ರಲ್ಲಿ ಈರೋಡು ಜಿಲ್ಲೆ ರಚನೆಯಾದಾಗ ಅದರ ಭಾಗವಾಯಿತು. ಡಾ. ರಾಜಕುಮಾರರ ಗಾಜನೂರು ಇರುವುದು ಇಲ್ಲಿಯೇ. 2000ದ ಜುಲೈ 30ರ ರಾತ್ರಿ ಅವರನ್ನು ವೀರಪ್ಪನ್ ಅಪಹರಿಸಿದಾಗ ಈ ಊರಿನ ಹೆಸರು ನಾಡೆಲ್ಲ ಕೇಳಿಬಂದಿತು. 108 ದಿನಗಳ ಅನಂತರ ಅವರ ಬಿಡುಗಡೆಯಾಯಿತು. ಆಮೇಲೆ ಜನರು ಈ ಸೀಮೆಯನ್ನು ಮರೆತರೆನ್ನಬೇಕು.

ಆದರೆ ಅಲ್ಲಿನವರ ನಿತ್ಯದ ತೊಡಕು ಹಾಗೆಯೇ ಇದೆ. ಚಾಮರಾಜನಗರ ಸಮೀಪ, ಭಾಷೆಯೂ ಒಂದೇ. ಸರ್ಕಾರ ಮಾತ್ರ ಬೇರೆ. ಜಿಲ್ಲಾ ಕಚೇರಿ, ಜಿಲ್ಲೆಯ ದೊಡ್ಡ ಆಸ್ಪತ್ರೆಗಳಿಗೆ ಘಟ್ಟವಿಳಿಯಬೇಕು. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರಿಂದ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿತು. ರೋಗಿಗಳ ವಾಹನಕ್ಕೆ ವಿನಾಯಿತಿಯಿದ್ದರೂ ದಾರಿಯ ತಿರುವುಗಳಿಗೆ ವಿನಾಯಿತಿಯಿಲ್ಲ. ಹೆರಿಗೆ, ಹಾವುಕಡಿತ, ಎದೆನೋವುಗಳಲ್ಲಿ ಗಳಿಗೆ ಗಳಿಗೆಯೂ ಅಮೂಲ್ಯ. ದೊಡ್ಡ ಆಸ್ಪತ್ರೆಯನ್ನು ತಲಪಿದ ಮೇಲೂ ಎದೆಯಲ್ಲಿ ಉರಿಯೋ, ಬಿಗಿತವೋ, ಸೆಳೆತವೋ ಎಂಬುದನ್ನು ಅಜ್ಜಿಯೊಬ್ಬಳು ತಿಳಿಯದ ನುಡಿಯಲ್ಲಿ ಹೇಳುವುದೆಂತು?

2006ರ ಕಾಯಿದೆಯು ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು. ರಾಜ್ಯಭಾಷೆಯನ್ನು ಕಲಿಯುವುದು ಹಿತಕರವೇ. ಆಸ್ಪತ್ರೆ, ಕಚೇರಿಗಳಲ್ಲಿ ಅದರಿಂದ ಅನುಕೂಲವುಂಟು. ಆದರೆ ಕನ್ನಡ ಶಾಲೆಗಳು ಕ್ಷೀಣಿಸದಂತೆ ನೋಡಿಕೊಳ್ಳುವುದೂ ಅಷ್ಟೇ ಅಗತ್ಯ.

ತಾಳವಾಡಿಯವರ ರಾಜಧಾನಿ ಬೆಂಗಳೂರಲ್ಲ, ಚೆನ್ನೈ. ಅವರ ಅಹವಾಲುಗಳು ಬಂದು ಸೇರುವುದು ಈ ನಗರದ ಕಚೇರಿಗಳಿಗೆ. ಎರಡು ಭಾಷೆಗಳನ್ನೂ ಬಲ್ಲ ಚೆನ್ನೈ ಕನ್ನಡಿಗರು ಅಲ್ಲಿ ವರ್ಷಕ್ಕೊಮ್ಮೆಯಾದರೂ ವೈದ್ಯಕೀಯ ಶಿಬಿರ ನಡೆಸಿ, ಔಷಧ ಸೇವನೆಯ ವಿವರಗಳನ್ನು ಕನ್ನಡದಲ್ಲಿ ಬರೆದುಕೊಟ್ಟು, ಶಾಲೆಗಳಿಗೆ ಪುಸ್ತಕಗಳನ್ನು ಒದಗಿಸಬಹುದು. ರಾಜ್ಯೋತ್ಸವದ ದಿನ ಇಲ್ಲಿ ಹಚ್ಚುವ ದೀಪದ ಬೆಳಕು ಘಟ್ಟದ ಮೇಲಕ್ಕೂ ತಲಪಲಿ.